ಒಂದು ಮುಖಕ್ಕೆ ಎರಡು ಹೆಸರು

ಜನವರಿ 9

ಪ್ರೀತಿಯ ಅಕ್ಕ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಮೇಲ್‌ನಲ್ಲಂತೂ ಬೇಡವೇ ಬೇಡ. ಇನ್ನೊಬ್ಬರ ಕಂಪ್ಯೂಟರಿನ ಲಾಗ್ ಓದಿ ಹೊಟ್ಟೆ ಹೊರೆಯುವವರು ನಾವಿಬ್ಬರೂ. ಯಾವ ಮಾತು ಎಲ್ಲೆಲ್ಲಿ ಉಳಿದುಕೊಳ್ಳುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ಪೆನ್ನು ಹಿಡಿದು ಕೂತಿದ್ದೇನೆ.

ನಮ್ಮ ವಿಮಾ ಕಂಪನಿಯಲ್ಲಿ ಸೀನಿಯರ್ ಸಿಸ್ಟಮ್ಸ್ ಎಂಜಿನಿಯರ್ ಜಾಗ ಖಾಲಿಯಾಗಿದೆ. ಮ್ಯಾನೇಜರ್ ನಿನ್ನೆ ಕರೆದು, "ನಿನ್ ಹೆಸ್ರನ್ನೇ ಮೊದ್ಲು ಇಟ್ಟಿದೀನಮ್ಮ, ಆದ್ರೆ ಆ ಸರ್ಟಿಫಿಕೇಟ್ ಇಲ್ದೆ ಮೇಲಿನವ್ರು ಫೈಲನ್ನೇ ಬಿಚ್ಚಲ್ಲ" ಎಂದರು. ಯಾವ ಸರ್ಟಿಫಿಕೇಟ್ ಎಂದು ನಿನಗೆ ಗೊತ್ತು. ಕೆಟ್ಟುಹೋದ ಸರ್ವರ್ ಒಂದನ್ನು ಮುಂದಿಟ್ಟು, ಗಡಿಯಾರ ಓಡಿಸಿ, ಸರಿಮಾಡು ಎನ್ನುವ ಪರೀಕ್ಷೆ. ನಾನು ಎರಡು ಸಲ ಕೂತೆ, ಎರಡು ಸಲವೂ ಮಣ್ಣು ಮುಕ್ಕಿದೆ. ಆಫೀಸಿನಲ್ಲಿ ಮಾಡುವ ಕೆಲಸವೇ ಅಲ್ಲಿ ಕೈಗೆ ಹತ್ತುವುದಿಲ್ಲ. ಬೆರಳು ಬೆವರುತ್ತದೆ, ತಲೆ ಖಾಲಿಯಾಗುತ್ತದೆ. ಯಾರಿಗೂ ಹೇಳಿಲ್ಲ, ನಿನಗೂ ಹೇಳಿರಲಿಲ್ಲ. ಹೇಳಿದ್ದರೆ ನೀನು ನಗುತ್ತಿದ್ದೆ.

ಈಗ ಕೇಳುತ್ತೇನೆ, ನಗಬೇಡ. ನನ್ನ ಬದಲು ನೀನು ಹೋಗಿ ಕೂರುತ್ತೀಯಾ? ನನ್ನ ಗುರುತಿನ ಚೀಟಿಯ ಫೋಟೋ ನೋಡಿದರೆ ಅಮ್ಮನೇ ನೀನೆಂದುಕೊಳ್ಳುತ್ತಾಳೆ. ಕೂದಲು ಮಾತ್ರ ಭುಜದವರೆಗೆ ಕತ್ತರಿಸಿಕೊಳ್ಳಬೇಕು. ಸೆಂಟರ್ ನಿಮ್ಮ ಊರಿನದೇ ಹಾಕಿಸಿದ್ದೇನೆ.

ಒಂದೇ ಒಂದು ಸಲ, ಅಕ್ಕ. ನಾನು ಮೇಲೆ ಹತ್ತಿದ ಮರುಕ್ಷಣ ನಿನ್ನ ಸರದಿ. ಅಮ್ಮನನ್ನು ಆರು ತಿಂಗಳು ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ, ನೀನು ನಿಶ್ಚಿಂತೆಯಾಗಿ ಓದಿಕೊಂಡು ನಿನ್ನ ಪರೀಕ್ಷೆ ಮುಗಿಸು. ಅಮ್ಮನ ಮೇಲಾಣೆ.

ನಿನ್ನ
ಪುಟ್ಟಿ

*

ಜನವರಿ 14

ಪುಟ್ಟಿ,

ನಕ್ಕೆ. ಚೆನ್ನಾಗಿಯೇ ನಕ್ಕೆ. ಅಮ್ಮ ಅಡುಗೆಮನೆಯಿಂದ ಬಂದು "ಏನಾಯ್ತೇ?" ಎಂದು ಕೇಳುವಷ್ಟು.

ಎರಡು ಸಲ ಫೇಲ್! ಅಲ್ಲ ಕಣೇ, ಡಿಸ್ಕ್ ತುಂಬಿ ನಿಂತ ಸರ್ವರ್ ಏಳಿಸುವುದು ನೀರು ಕುಡಿದಷ್ಟು ಸುಲಭ. ನಾನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ಇನ್ನೊಂದು ಕೈಯಲ್ಲಿ ಅದನ್ನು ಮಾಡುತ್ತೇನೆ. ನಿನಗೆ ಚಿಕ್ಕಂದಿನಿಂದಲೂ ಹೀಗೇ. ಸೈಕಲ್ ಚೈನ್ ಬಿದ್ದರೆ ಅಕ್ಕ, ಲೆಕ್ಕ ಬರದಿದ್ದರೆ ಅಕ್ಕ, ಸೂಜಿಗೆ ದಾರ ಪೋಣಿಸಲೂ ಅಕ್ಕ. ದೇವರು ನಿನಗೆ ಬಾಯಿ ಕೊಟ್ಟ, ನನಗೆ ಕೈ ಕೊಟ್ಟ. ಯಾವುದು ಎಲ್ಲಿ ಸಂಬಳ ತರುತ್ತದೆ ಎಂದು ನೋಡಿದರೆ ಅವನಿಗೂ ನಿನ್ನ ಮೇಲೇ ಪ್ರೀತಿ ಎನ್ನಬೇಕು.

ಹೋಗುತ್ತೇನೆ. ನೀನು ಅತ್ತು ಕರೆದು ಇನ್ನೊಂದು ಕಾಗದ ಬರೆಯುವ ಕಷ್ಟ ತೆಗೆದುಕೊಳ್ಳಬೇಡ. ಗುರುತಿನ ಚೀಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸು. ಕೂದಲು ನನ್ನದು ಸೊಂಟದವರೆಗೆ ಇದೆ, ಅದಕ್ಕಾಗಿ ನಿನ್ನನ್ನು ಯಾವತ್ತಾದರೂ ಒಂದು ದಿನ ಕೂರಿಸಿ ಬೈಯುತ್ತೇನೆ.

ಆಣೆ ಇಟ್ಟದ್ದನ್ನು ಮಾತ್ರ ಮರೆಯಬೇಡ. ಇಲ್ಲೂ ಸೀನಿಯರ್ ಜಾಗ ಮಾಡುತ್ತಾರಂತೆ. ಎಷ್ಟೋ ವರ್ಷದಿಂದ ಆ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೇನೆ, ಹೆಸರಿಲ್ಲದೆ. ಆ ಹೆಸರು ನನಗೆ ಬೇಕು ಪುಟ್ಟಿ. ಬಾಯಿಬಿಟ್ಟು ಹೇಳುತ್ತಿದ್ದೇನೆ, ಬೇಕು.

ಅಕ್ಕ

*

ಫೆಬ್ರವರಿ 3

ಪುಟ್ಟಿ,

ಆಯಿತು. ನೀನು ಪಾಸಾದೆ. ಅದೂ ಹೇಗೆ, ಮುಕ್ಕಾಲು ಗಂಟೆ ಕೈಯಲ್ಲಿ ಉಳಿಸಿಕೊಂಡು.

ಸೆಂಟರ್ ಒಂದು ಪೀಠೋಪಕರಣದ ಅಂಗಡಿಯ ಮೇಲಿದೆ. ಮೆಟ್ಟಿಲ ತುಂಬ ಪ್ಲಾಸ್ಟಿಕ್ ಸುತ್ತಿದ ಕುರ್ಚಿಗಳು. ಬಾಗಿಲಲ್ಲಿ ಕೂತಿದ್ದ ಗುಮಾಸ್ತ ಚಹಾ ಹೀರುತ್ತಲೇ ನಿನ್ನ ಚೀಟಿ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಟಿ ನೋಡಿದ. ಅವನು ಹೇಳಿದ್ದು ಇಷ್ಟೇ: "ಮೇಡಂ, ಸ್ವಲ್ಪ ದಪ್ಪ ಆಗಿದೀರ." ಆಮೇಲೆ ಕ್ಯಾಮರಾ ಮುಂದೆ ನಿಲ್ಲಿಸಿ ಫೋಟೋ ಹೊಡೆದ. "ನಗ್ಬೇಡಿ, ನೇರ ನೋಡಿ" ಎಂದ. ನೇರ ನೋಡಿದೆ. ಹುಟ್ಟಿದ ತಾರೀಖು ಕೇಳಿದ, ನಿನ್ನದು ಹೇಳಿದೆ. ಒಂದೂವರೆ ವರ್ಷ ಚಿಕ್ಕವಳಾದೆ.

ಪರೀಕ್ಷೆಯ ಬಗ್ಗೆ ಏನು ಬರೆಯಲಿ? ಪಾಪದ ಸರ್ವರ್. ಯಾರೋ ಬೇಕೆಂದೇ ಕೈಕಾಲು ಮುರಿದು ಮಲಗಿಸಿದ್ದರು, ನಾನು ಎಬ್ಬಿಸಿ ಕೂರಿಸಿದೆ. ಪಕ್ಕದಲ್ಲಿ ತಲೆ ನರೆತವರೊಬ್ಬರು ಕೂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಹೊರಗೆ ಬಂದಾಗ "ನಂಗೆ ಮತ್ತೆ ಹೋಯ್ತು, ನಿಮ್ಗೆ?" ಎಂದು ಕೇಳಿದರು. "ಇದರಲ್ಲಿ ಹೋಗೋಕೆ ಏನಿದೆ ಸಾರ್?" ಎಂದುಬಿಟ್ಟೆ. ಅವರ ಮುಖ ಸಣ್ಣದಾಯಿತು. ನಿನ್ನ ಹೆಸರಿನಲ್ಲಿದ್ದೆನಲ್ಲ, ಬಾಯಿಯೂ ನಿನ್ನದೇ ಬಂತೇನೋ.

ಮನೆಗೆ ಬಂದರೆ ಅಮ್ಮ ನನ್ನ ಕೂದಲು ನೋಡಿ ಹಣೆ ಚಚ್ಚಿಕೊಂಡಳು. ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಹತ್ತಿರ ಮುಚ್ಚಿಡುವುದು ನನಗೆ ಆಗುವುದಿಲ್ಲ. ಎಲ್ಲ ಕೇಳಿ, "ಪುಟ್ಟಿಗೆ ಕೆಲ್ಸ ಆಗತ್ತೆ ತಾನೇ?" ಎಂದಳು. ಆಗುತ್ತೆ ಎಂದೆ. "ಹಾಗಾದ್ರೆ ಸರಿ, ಕೂದ್ಲು ಬೆಳೆಯತ್ತೆ" ಎಂದಳು.

ಅಕ್ಕ

*

ಫೆಬ್ರವರಿ 25

ನನ್ನ ಚಿನ್ನದಂಥ ಅಕ್ಕ,

ಆಯಿತು! ಸೋಮವಾರದಿಂದ ಸೀನಿಯರ್. ಕಿಟಕಿ ಪಕ್ಕದ ಮೇಜು. ಪಾಸ್‌ವರ್ಡ್ ಮರೆತವರ ಫೋನು ಇನ್ನು ನನ್ನ ಹತ್ತಿರ ಬರುವುದಿಲ್ಲ, ಅದಕ್ಕೆ ಕೆಳಗೆ ಜನ ಇದ್ದಾರೆ. ಮ್ಯಾನೇಜರ್ ಎಲ್ಲರ ಮುಂದೆ ನನ್ನ ಅಂಕ ಓದಿ ಹೇಳಿದರು. "ಇಂಥ ಅಂಕ ನಮ್ಮ ಆಫೀಸ್ನಲ್ಲಿ ಯಾರೂ ತೆಗೆದಿಲ್ಲ" ಎಂದರು. ನಾಚಿಕೆಯಾಯಿತು, ಖುಷಿಯೂ ಆಯಿತು. ಸ್ವಲ್ಪ ಕಡಿಮೆ ತೆಗೆದಿದ್ದರೆ ಆಗುತ್ತಿರಲಿಲ್ಲವೇನೇ? ಈಗ ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಅಮ್ಮನ ವಿಷಯ ಮರೆತಿಲ್ಲ. ಒಂದೆರಡು ತಿಂಗಳು ಕಾಲೂರಲು ಬಿಡು.

ಪುಟ್ಟಿ

*

ಜೂನ್ 11

ಪುಟ್ಟಿ,

ಕಾಲೂರಿದ್ದು ಆಯಿತೋ, ಇನ್ನೂ ನೆಲ ಹುಡುಕುತ್ತಿದ್ದೀಯೋ? ಫೋನ್ ಮಾಡಿದರೆ "ಮೀಟಿಂಗ್" ಎನ್ನುತ್ತೀ. ನಿನ್ನ ಮೀಟಿಂಗ್ ಶುರುವಾದ ಹೊತ್ತಲ್ಲಿ ಹುಟ್ಟಿದ ಮಗು ಇಷ್ಟೊತ್ತಿಗೆ ಅಂಬೆಗಾಲಿಡುತ್ತಿರುತ್ತದೆ.

ಇಲ್ಲಿ ಆಸ್ಪತ್ರೆಯವರು ಜಾಗ ಮಂಜೂರು ಮಾಡಿದ್ದಾರೆ. ಮುಖ್ಯ ಸಿಸ್ಟಮ್ ಎಂಜಿನಿಯರ್. ಅಧೀಕ್ಷಕರು ನನ್ನನ್ನು ಕರೆದು ಕುರ್ಚಿ ತೋರಿಸಿ ಕೂರಿಸಿ ಮಾತಾಡಿದರು. ಆ ಕೋಣೆಯಲ್ಲಿ ನಾನು ಯಾವಾಗಲೂ ಮೇಜಿನ ಕೆಳಗೆ ನುಗ್ಗಿ ವೈರು ಹುಡುಕುವವಳು, ಕುರ್ಚಿ ಮೇಲೆ ಕೂತದ್ದು ಇದೇ ಮೊದಲು. "ನಿಮ್ಮನ್ನ ಬಿಟ್ಟು ಇನ್ಯಾರಿದಾರೆ? ಆದ್ರೆ ನಿಯಮ ನಿಯಮನೇ. ಅಕ್ಟೋಬರ್ ಒಳ್ಗೆ ಸರ್ಟಿಫಿಕೇಟ್ ತಂದ್ಬಿಡಿ, ಇಲ್ದಿದ್ರೆ ಹೊರಗಡೆಯಿಂದ ಕರೆಯಬೇಕಾಗತ್ತೆ" ಎಂದರು.

ಹೊಸ ಪಠ್ಯದಲ್ಲಿ ನಾನು ಕೈಯಾಡಿಸದ ಭಾಗವೂ ಇದೆ. ಓದಬೇಕು. ಅಮ್ಮ ಇರುವಾಗ ಓದುವುದು ಹೇಗೆ ಎಂದು ನಿನಗೆ ಗೊತ್ತು. ಪುಸ್ತಕ ತೆರೆದರೆ ಮಂಡಿನೋವು ಶುರುವಾಗುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಜುಲೈ ಮೊದಲ ವಾರ ಬಂದು ಕರೆದುಕೊಂಡು ಹೋಗು. ಆರು ತಿಂಗಳು ಬೇಡ, ಮೂರು ಸಾಕು.

ಅಕ್ಕ

*

ಜುಲೈ 2

ಅಕ್ಕ,

ಬೇಜಾರು ಮಾಡಿಕೊಳ್ಳಬೇಡ. ನನ್ನನ್ನು ಆರ್ಕಿಟೆಕ್ಟ್ ಮಾಡುವ ಮಾತು ನಡೆಯುತ್ತಿದೆ. ಯಂತ್ರ ಮುಟ್ಟುವ ಕೆಲಸವಲ್ಲ, ಯಂತ್ರಗಳು ಹೇಗಿರಬೇಕೆಂದು ಹೇಳುವ ಕೆಲಸ. ನನಗೆ ಬರುವುದು ಅದೇ, ನೀನೇ ಹೇಳಿದ್ದೀಯಲ್ಲ, ಬಾಯಿ ಇದೆ ಎಂದು. ಈ ಹೊತ್ತಲ್ಲಿ ಅಮ್ಮ ಬಂದರೆ ನನ್ನ ಕಥೆ ಮುಗಿಯಿತು. ಹೊಸ ಮನೆಗೆ ಹೋಗುವವಳಿದ್ದೇನೆ ಎಂದು ಮನೆ ಮಾಲೀಕರಿಗೆ ಬೇರೆ ಹೇಳಿಯಾಗಿದೆ, ಪೆಟ್ಟಿಗೆಗಳ ಮಧ್ಯೆ ಅವಳನ್ನು ಎಲ್ಲಿ ಮಲಗಿಸಲಿ?

ಮತ್ತೆ, ನಿನಗೆ ಓದುವುದೇನಿದೆ? ಒಂದು ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡು ಮಾಡುವವಳು ನೀನು.

ಪುಟ್ಟಿ

*

ಅಕ್ಟೋಬರ್ 6

ಪುಟ್ಟಿ,

ಫೋನ್ ಎತ್ತುತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಇದನ್ನು ಓದಿದ ತಕ್ಷಣ ನೀನೇ ಫೋನ್ ಮಾಡು.

ಅಮ್ಮನ ಮಂಡಿಗೆ ಎಣ್ಣೆ ಹಚ್ಚುತ್ತಾ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಓದಿದೆ. ಬಸ್ಸಿನಲ್ಲಿ ಓದಿದೆ. ಕಳೆದ ತಿಂಗಳ ಕೊನೆಗೆ ಹೋಗಿ ಕೂತೆ. ಅದೇ ಮೆಟ್ಟಿಲು, ಅದೇ ಕುರ್ಚಿಗಳು. ಗುಮಾಸ್ತ ಮಾತ್ರ ಬೇರೆ. ಪಾಸಾದೆ. ಪರದೆಯ ಮೇಲೆ ನನ್ನ ಹೆಸರು ಬಂತು ಪುಟ್ಟಿ, ನನ್ನದೇ ಹೆಸರು. ಕೆಳಗಿಳಿದು ಅಂಗಡಿಯ ಮುಂದೆ ನಿಂತು ಅತ್ತುಬಿಟ್ಟೆ. ಅಂಗಡಿಯವನು ಏನಾಯಿತೋ ಎಂದು ಸ್ಟೂಲು ತಂದು ಹಾಕಿದ.

ಅಮ್ಮನಿಗೆ ಹೇಳಿದೆ. "ಪುಟ್ಟಿಗಿಂತ ಜಾಸ್ತಿ ಬಂತಾ?" ಎಂದು ಕೇಳಿದಳು. ಪುಟ್ಟಿಯದೂ ನನ್ನದೇ ಅಲ್ಲವೇನಮ್ಮ ಎಂದೆ. "ಹಾಗಂತ ಎಲ್ಲಾ ಕಡೆ ಹೇಳ್ಕೊಂಡು ತಿರುಗ್ಬೇಡ" ಎಂದಳು.

ನಿನ್ನೆ ಪರೀಕ್ಷಾ ಮಂಡಳಿಯಿಂದ ನೋಟೀಸು ಬಂದಿದೆ. ಫಲಿತಾಂಶ ತಡೆಹಿಡಿಯಲಾಗಿದೆ. ಈ ಅಭ್ಯರ್ಥಿಯ ಮುಖ ಬೇರೊಂದು ಹೆಸರಿನಲ್ಲಿ ಈಗಾಗಲೇ ದಾಖಲಾಗಿದೆ, ವಿವರಣೆ ಕೊಡಿ ಎಂದಿದ್ದಾರೆ. ಈಚೆಗೆ ಫೋಟೋಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು ಹೊಂದಿಸಿ ನೋಡುತ್ತಾರಂತೆ. ನನ್ನ ತಲೆಗೆ ಇದು ಹೊಳೆಯಲೇ ಇಲ್ಲವಲ್ಲೇ! ಒಬ್ಬ ರೋಗಿಗೆ ಎರಡು ಹೆಸರಿನಲ್ಲಿ ದಾಖಲೆಯಾಗಿದ್ದರೆ ಹುಡುಕಿ ಹಿಡಿಯುವುದು ಆಸ್ಪತ್ರೆಯಲ್ಲಿ ನನ್ನ ದಿನನಿತ್ಯದ ಕೆಲಸ. ಇನ್ನೊಬ್ಬರದನ್ನು ಹಿಡಿಯುತ್ತಾ ಕೂತವಳು ನನ್ನದೇ ಮುಖ ತೆಗೆದುಕೊಂಡು ಹೋಗಿ ಎರಡನೇ ಸಲ ಕೊಟ್ಟು ಬಂದೆ.

ಇದೇ ನೋಟೀಸು ನಿನಗೂ ಬಂದಿರುತ್ತದೆ. ಉತ್ತರ ಕೊಡುವ ಮೊದಲು ನನ್ನ ಹತ್ತಿರ ಮಾತಾಡು. ಏನನ್ನೂ ಬರೆಯಬೇಡ.

ಅಕ್ಕ

*

ಅಕ್ಟೋಬರ್ 15

ಅಕ್ಕ,

ಬಂದಿದೆ. ನನ್ನ ಆಫೀಸಿನ ವಿಳಾಸಕ್ಕೆ ಬಂದಿದೆ. ಟಪಾಲು ತರುವವನು ನನ್ನ ಮೇಜಿನ ಮೇಲಿಟ್ಟು ಹೋದದ್ದು ಪುಣ್ಯ, ಮ್ಯಾನೇಜರ್ ಮೇಜಿಗೆ ಹೋಗಿದ್ದರೆ ಏನು ಗತಿ?

ನಿನಗೆ ಸ್ವಲ್ಪವಾದರೂ ಬುದ್ಧಿ ಬೇಡವೇ? ನನ್ನ ಹೆಸರಿನಲ್ಲಿ ಕೂತವಳು ನೀನು. ಅದೇ ಮಂಡಳಿಗೆ, ಅದೇ ಸೆಂಟರಿಗೆ, ಅದೇ ಮುಖ ಹೊತ್ತುಕೊಂಡು ಮತ್ತೆ ಹೋದೆಯಲ್ಲ! ಬೇರೆ ಮಂಡಳಿಯ ಸರ್ಟಿಫಿಕೇಟ್ ಇರಲಿಲ್ಲವೇ ಜಗತ್ತಿನಲ್ಲಿ? ನನ್ನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ನೀನು ಯಾವಾಗ ಕೇಳಿದ್ದೀ? ನಿನಗೆ ಎಲ್ಲವೂ ಗೊತ್ತು.

ಫೋನ್ ಮಾಡಬೇಡ. ಆಫೀಸಿಗಂತೂ ಮಾಡಲೇಬೇಡ.

ತಂಗಿ

*

ಅಕ್ಟೋಬರ್ 19

ಪುಟ್ಟಿ,

ಬೈದುಕೋ, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಈಗ ಜಗಳದ ಹೊತ್ತಲ್ಲ.

ಮಂಡಳಿಗೆ ಫೋನ್ ಮಾಡಿ, ಹೆಸರು ಹೇಳದೆ, ಹೀಗೊಂದು ಪ್ರಸಂಗವಾದರೆ ಏನು ಮಾಡುತ್ತಾರೆಂದು ವಿಚಾರಿಸಿದೆ. ಅಕ್ಕತಂಗಿಯರ ಮುಖ ಒಂದೇ ತರ ಇದ್ದು ಯಂತ್ರ ಮೋಸಹೋಗುವುದು ಅಪರೂಪವೇನಲ್ಲವಂತೆ. ಇಬ್ಬರೂ ಒಟ್ಟಿಗೆ ಹೋಗಬೇಕು, ಪಕ್ಕಪಕ್ಕ ನಿಂತು ಫೋಟೋ ತೆಗೆಸಬೇಕು, ಆಮೇಲೆ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು ಒಂದು ಸಣ್ಣ ಪರೀಕ್ಷೆ ಮಾಡಿ ತೋರಿಸಬೇಕು. ಅಷ್ಟಾದರೆ ಇಬ್ಬರ ಸರ್ಟಿಫಿಕೇಟೂ ಉಳಿಯುತ್ತದೆ.

ಪರೀಕ್ಷೆ ಎಂದ ಕೂಡಲೇ ಬೆವರಬೇಡ. ಒಂದು ವಾರ ರಜೆ ಹಾಕಿ ಬಾ. ನಾನು ಕೂರಿಸಿಕೊಂಡು ಕಲಿಸುತ್ತೇನೆ. ನಿನ್ನ ತಲೆಗೂ ಹತ್ತುವ ಹಾಗೆ ಕಲಿಸುತ್ತೇನೆ, ಬೇಕಾದರೆ ಹತ್ತು ಸಲ ಹೇಳುತ್ತೇನೆ. ನನ್ನ ಹೆಸರು ಪರದೆಯ ಮೇಲೆ ಬಂದಿತ್ತು ಪುಟ್ಟಿ. ಅದನ್ನು ಕಿತ್ತುಕೊಳ್ಳಲು ಬಿಡಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಅಕ್ಕ

*

ನವೆಂಬರ್ 8

ಅಕ್ಕ,

ಮಂಡಳಿಗೆ ಉತ್ತರ ಕೊಟ್ಟಾಗಿದೆ. ನಿನಗೆ ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ ಎಂದು ನಾನೇ ಬರೆಯುತ್ತಿದ್ದೇನೆ.

ನನಗೆ ಜ್ವರ ಬಂದಿತ್ತು, ಪರೀಕ್ಷೆಯನ್ನು ಮುಂದೂಡಿಸಲು ಅಕ್ಕನ ಹತ್ತಿರ ಗುರುತಿನ ಚೀಟಿ ಕಳಿಸಿದ್ದೆ, ಅವಳು ನನ್ನನ್ನು ಕೇಳದೆ ತಾನೇ ಹೋಗಿ ಕೂತಳು, ಹಿರಿಯವಳ ಮುಂದೆ ಬಾಯಿ ತೆರೆಯಲು ನನಗೆ ಧೈರ್ಯವಾಗಲಿಲ್ಲ ಎಂದು ಬರೆದೆ. ಆ ಸರ್ಟಿಫಿಕೇಟನ್ನು ನಾನಾಗಿಯೇ ವಾಪಸು ಕೊಟ್ಟೆ. ಮ್ಯಾನೇಜರ್‌ಗೂ ಅಷ್ಟೇ ಹೇಳಿದೆ. ಕಣ್ಣಲ್ಲಿ ನೀರು ಬಂದದ್ದು ನಾಟಕವಲ್ಲ. ಅವರು, "ಹೋಗ್ಲಿ ಬಿಡಮ್ಮ, ಅದು ಬಾಗಿಲು ದಾಟೋಕೆ ಬೇಕಾಗಿದ್ದ ಕಾಗ್ದ. ಈಗ ನೀನು ಒಳಗಿದೀಯ. ಆರ್ಕಿಟೆಕ್ಟನ್ನ ಯಾರು ಸರ್ಟಿಫಿಕೇಟ್ ಕೇಳ್ತಾರೆ?" ಎಂದರು. ಪ್ರಾಮಾಣಿಕತೆ ಮೆಚ್ಚಿದರಂತೆ.

ನೀನು ಹೇಳಿದ ದಾರಿಯೂ ಇತ್ತು, ಗೊತ್ತು. ನಾನು ಆ ಕೋಣೆಯಲ್ಲಿ ಕೂತರೆ ಮತ್ತೆ ಬೆವರುತ್ತೇನೆ, ಇಬ್ಬರೂ ಸಿಕ್ಕಿಬೀಳುತ್ತೇವೆ. ಕಲಿಸುತ್ತೇನೆ ಎಂದು ನೀನು ಬರೆದೆ. ಈಗ ಕಲಿಸುತ್ತೀಯಾ? ಸೈಕಲ್ ಚೈನ್ ಹಾಕುವುದು ಹೇಗೆಂದು ನೀನು ಒಮ್ಮೆಯೂ ತೋರಿಸಲಿಲ್ಲ. ಕೈಯಿಂದ ಕಿತ್ತುಕೊಂಡು ನೀನೇ ಹಾಕುತ್ತಿದ್ದೆ, ಹಾಕುತ್ತಾ ನಗುತ್ತಿದ್ದೆ, ಆಮೇಲೆ ಬೀದಿಯಲ್ಲೆಲ್ಲ ಹೇಳುತ್ತಿದ್ದೆ. ಲೆಕ್ಕವೂ ಹಾಗೇ. ನನಗೆ ಬೆರಳು ಬೆವರುವುದು ಎಲ್ಲಿಂದ ಬಂತು ಎಂದುಕೊಂಡಿದ್ದೀ? ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುವ ನೀನಿಲ್ಲದೆ ನಾನು ಯಾವ ಪರೀಕ್ಷೆಯನ್ನೂ ಬರೆದಿಲ್ಲ, ನೀನು ಅಲ್ಲಿ ಇಲ್ಲದಿದ್ದರೂ.

ನಿನ್ನನ್ನು ಇಷ್ಟಕ್ಕೇ ಬಿಡುತ್ತಾರೆ ಎಂದುಕೊಂಡಿದ್ದೇನೆ. ನಿನಗೆ ಆ ಕಾಗದ ಇಲ್ಲದಿದ್ದರೂ ಕೆಲಸ ಬರುತ್ತದೆ. ನನಗೆ ಈ ಕುರ್ಚಿ ಬಿಟ್ಟರೆ ಬೇರೇನೂ ಇರಲಿಲ್ಲ. ಯಾರಾದರೂ ಒಬ್ಬರು ನಿಲ್ಲಬೇಕಿತ್ತು, ನಾನು ನನ್ನನ್ನು ಆರಿಸಿಕೊಂಡೆ.

ತಂಗಿ

*

ನವೆಂಬರ್ 27

ತಂಗಿ ಎಂದು ಸಹಿ ಹಾಕುವವಳಿಗೆ,

ಇಷ್ಟಕ್ಕೇ ಬಿಡಲಿಲ್ಲ. ಇನ್ನು ಈ ಜನ್ಮದಲ್ಲಿ ಆ ಮಂಡಳಿಯ ಯಾವ ಪರೀಕ್ಷೆಗೂ ನಾನು ಕೂರುವಂತಿಲ್ಲ. ಫಲಿತಾಂಶ ನೇರವಾಗಿ ಆಸ್ಪತ್ರೆಗೆ ಹೋಗಲಿ ಎಂದು ಅರ್ಜಿಯಲ್ಲಿ ನಾನೇ ಗುರುತು ಹಾಕಿದ್ದೆ, ಅಷ್ಟು ನಂಬಿಕೆ. ಹಾಗಾಗಿ ಇದೂ ನೇರವಾಗಿ ಅಲ್ಲಿಗೇ ಹೋಯಿತು.

ಆಸ್ಪತ್ರೆಯಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯುವುದು ಹೇಗೆಂದು ನಿನಗೆ ಗೊತ್ತಿದೆಯೋ ಇಲ್ಲವೋ. ಮೊದಲು ಸಿಬ್ಬಂದಿ ವಿಭಾಗದಿಂದ ನನ್ನ ಪರದೆಗೆ ಒಂದು ಕೋರಿಕೆ ಬರುತ್ತದೆ: ಇಂಥವರ ಕಂಪ್ಯೂಟರ್ ಖಾತೆ ಮುಚ್ಚಿ. ನಾನು ಮುಚ್ಚುತ್ತೇನೆ. ಆಮೇಲೆ ಅವರನ್ನು ಒಳಗೆ ಕರೆದು ಹೇಳುತ್ತಾರೆ. ಮೊದಲೇ ಹೇಳಿಬಿಟ್ಟರೆ ಸಿಟ್ಟಿನಲ್ಲಿ ಏನಾದರೂ ಅಳಿಸಿಹಾಕುತ್ತಾರೆ ಎಂಬ ಭಯ. ಹಾಗಾಗಿ ಕೆಲಸ ಹೋದ ಸುದ್ದಿ ಹೋದವರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ. ಔಷಧಿ ಕೌಂಟರಿನವಳು, ಎಕ್ಸ್-ರೇ ಕೋಣೆಯವನು, ಎಷ್ಟೋ ಜನ ನೆಲಮಾಳಿಗೆಗೆ ಇಳಿದು ಬಂದು "ಯಾಕೋ ಪಾಸ್‌ವರ್ಡ್ ತಗೊಳ್ತಿಲ್ಲ, ಸ್ವಲ್ಪ ನೋಡ್ತೀರಾ?" ಎಂದಿದ್ದಾರೆ. ನಾನು ಅವರ ಮುಖ ನೋಡದೆ "ಒಂದ್ಸಲ ಮೇಲೆ ಸಿಬ್ಬಂದಿ ವಿಭಾಗಕ್ಕೆ ಹೋಗ್ಬನ್ನಿ" ಎಂದಿದ್ದೇನೆ.

ಮೊನ್ನೆ ಬೆಳಗ್ಗೆ ಕೋರಿಕೆ ಬಂತು. ತೆರೆದೆ. ನನ್ನ ಹೆಸರಿತ್ತು. ಖಾತೆ ಮುಚ್ಚುವವಳು ನಾನೊಬ್ಬಳೇ ಎಂಬುದು ಪಾಪ ಅವರಿಗೆ ನೆನಪಿರಲಿಲ್ಲ. ಬರುವ ಎಲ್ಲ ಕೋರಿಕೆಯಂತೆ ಅದೂ ನನ್ನ ಸಾಲಿಗೇ ಬಂದು ನಿಂತಿತ್ತು.

ಬೇಕಾಗಿದ್ದರೆ ಅವತ್ತು ಆ ಕಟ್ಟಡವನ್ನೇ ಮಲಗಿಸಬಹುದಿತ್ತು. ಮಾಡಲಿಲ್ಲ. ಒಳ್ಳೆಯವಳೆಂದಲ್ಲ, ಕೈ ಬರಲಿಲ್ಲ. ಬ್ಯಾಕಪ್ ಓಡಿದೆಯೇ ನೋಡಿದೆ. ಸರ್ವರ್ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟೆ. ನನ್ನ ಖಾತೆ ಹುಡುಕಿದೆ, ಮುಚ್ಚು ಎಂಬುದನ್ನು ಒತ್ತಿದೆ. "ಖಚಿತವೇ?" ಎಂದು ಕೇಳಿತು. ಹೌದು ಎಂದೆ. ಮೇಲೆ ಹೋದರೆ ಸಿಬ್ಬಂದಿ ವಿಭಾಗದ ಮೇಡಂ ತಬ್ಬಿಬ್ಬಾಗಿ, "ನಿಮ್ಮನ್ನ ಇನ್ನೂ ಕರೆದೇ ಇಲ್ವಲ್ಲ?" ಎಂದರು. "ನಿಮ್ ಕೆಲ್ಸ ಮುಗ್ಸಿ ಬಂದಿದೀನಿ" ಎಂದೆ. ಬೇರೆಯವರ ಹೆಸರಿನಲ್ಲಿ ಪರೀಕ್ಷೆಗೆ ಕೂತವಳ ಕೈಯಲ್ಲಿ ರೋಗಿಗಳ ದಾಖಲೆ ಬಿಡಲು ಆಗುವುದಿಲ್ಲ ಎಂದು ವಿವರಿಸಿದರು. ಅವರು ಹೇಳಿದ್ದು ತಪ್ಪೇನಲ್ಲ.

ನೀನು ಬರೆದದ್ದರಲ್ಲಿ ಒಂದು ನಿಜ. ಸೈಕಲ್ ಚೈನ್ ನಾನು ಕಲಿಸಲಿಲ್ಲ. ಕಲಿಸಿದ್ದರೆ ನಿನಗೆ ನನ್ನ ಅಗತ್ಯ ಇರುತ್ತಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು. ಮಿಕ್ಕದ್ದೆಲ್ಲ ಸುಳ್ಳು. ನಿನಗೆ ಜ್ವರ ಬಂದಿರಲಿಲ್ಲ.

ಇನ್ನು ನಿನಗೆ ಬರೆಯುವುದಿಲ್ಲ.

ಅಕ್ಕ

*

ಡಿಸೆಂಬರ್ 12

ಪುಟ್ಟಿಗೆ ಅಮ್ಮನ ಆಶೀರ್ವಾದ.

ಕೈ ಬರಹ ನೋಡಿ ಹೆದರ್ಬೇಡ, ದೊಡ್ಡೋಳ ಕೈಯಲ್ಲಿ ಬರೆಸ್ತಿದೀನಿ. ಹೋದ್ ವಾರ ಬಚ್ಚಲಲ್ಲಿ ಜಾರಿ ಬಿದ್ದೆ, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದಾರೆ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರಿ, ನಿನ್ನದೇನೂ ಸೇರಿಸ್ಬೇಡ ಅಂತ ಹೇಳಿದೀನಿ. ಫೋನಲ್ಲಿ ಮಾತಾಡೋಣ ಅಂದ್ರೆ ನೀನು ಅವಸರದಲ್ಲಿರ್ತೀಯ, ನಾನು ಅಳೋಕೆ ಶುರು ಮಾಡ್ತೀನಿ. ಕಾಗದ ಆದ್ರೆ ನಿಧಾನಕ್ಕೆ ಓದ್ಕೋತೀಯ.

ಎಲ್ಲಾ ವಿಷಯ ನಂಗೆ ಗೊತ್ತು. ಮೊದಲಿನಿಂದ ಗೊತ್ತು. ಯಾರು ಕೇಳಿದ್ರು, ಯಾರು ಹೋಗಿ ಕೂತ್ರು, ಯಾರಿಗೆ ಜ್ವರ ಬಂದಿತ್ತು, ಯಾರಿಗೆ ಬಂದಿರಲಿಲ್ಲ, ಎಲ್ಲ. ನೀನು ಆ ಮಂಡಳಿಯೋರಿಗೆ ಬರೆದದ್ದು ಸರಿಯಾಗೇ ಇದೆ. ಇಬ್ರೂ ಬೀದಿಗೆ ಬರೋದಕ್ಕಿಂತ ಒಬ್ಳಾದ್ರೂ ಕುರ್ಚಿ ಮೇಲಿರ್ಲಿ. ನೀನು ಮನಸ್ಸಲ್ಲಿ ಏನೂ ಇಟ್ಕೋಬೇಡ, ನಿದ್ದೆಗೆಡಬೇಡ. ಇವಳಿಗೆ ನೆಲಮಾಳಿಗೆ ಅಭ್ಯಾಸ. ನಿಂಗೆ ಕೆಳಗೆ ಇಳಿಯೋದು ಆಗ್ತಿರಲಿಲ್ಲ.

ದೊಡ್ಡೋಳು ಬರೆಯೋದು ನಿಲ್ಲಿಸಿದ್ಲು. ಬರಿ ಅಂದೆ. ಕೈ ನೋಯತ್ತೆ ಅಂತಾಳೆ. ನಿನ್ನ ಹೆಸ್ರಲ್ಲಿ ಪರೀಕ್ಷೆ ಬರೆಯೋವಾಗ ನೋಯ್ಲಿಲ್ಲ, ಅಮ್ಮನ ಹೆಸ್ರಲ್ಲಿ ಒಂದು ಕಾಗದ ಬರೆಯೋಕೆ ನೋಯತ್ತಂತೆ. ಇದನ್ನೂ ಬರಿ ಅಂದೆ, ಬರೀತಿದಾಳೆ.

ಇವಳು ಮನೇಲೇ ಕೂತಿರ್ತಾಳೆ ಈಗ. ಎಲ್ಲೂ ಕೆಲ್ಸ ಸಿಗ್ತಿಲ್ಲ. ಹಳೇ ಜಾಗದಲ್ಲಿ ವಿಚಾರಿಸ್ತಾರೆ, ಅವ್ರು ಹೇಳ್ತಾರೆ, ಮುಗೀತು. ಒಂದು ಅಂಗಡೀಲಿ ಕಂಪ್ಯೂಟರ್ ರಿಪೇರಿಗೆ ಕರೆದಿದಾರೆ, ಹೋಗ್ತಾಳೋ ಏನೋ. ದಿನಾ ನನ್ನ ಎದುರಿಗೆ ಕೂತು ನನ್ನೇ ನೋಡ್ತಾಳೆ. ಏನೂ ಹೇಳಲ್ಲ. ಬೈದಿದ್ರೆ ಆಗ್ತಿತ್ತು. ನಂಗೆ ಈ ವಯಸ್ಸಲ್ಲಿ ಇದು ತಡೆಯೋಕಾಗಲ್ಲ ಪುಟ್ಟಿ. ನಾನೇನ್ ಮಾಡಿದೀನಿ ಇವಳಿಗೆ? ಹೊಟ್ಟೆಗೆ ಹಾಕ್ಲಿಲ್ವಾ, ಓದಿಸ್ಲಿಲ್ವಾ?

ನಿನ್ನ ಹೊಸ ಮನೇಲಿ ಎರಡು ಕೋಣೆ ಇದೆ ಅಂತ ಹೇಳಿದ್ದೆ. ಇಪ್ಪತ್ತನೇ ತಾರೀಖು ಭಾನುವಾರ ಬಂದು ನನ್ನ ಕರ್ಕೊಂಡ್ಹೋಗು. ಇನ್ನು ನಾನು ನಿನ್ ಜೊತೇನೇ ಇರ್ತೀನಿ, ಆರು ತಿಂಗಳು ಗೀರು ತಿಂಗಳು ಅಂತ ಏನಿಲ್ಲ. ನನ್ನ ಹೆಸ್ರು ಹೇಳಿ ಆಣೆ ಇಟ್ಟಿದ್ದೆಯಂತಲ್ಲ, ಅದೂ ತೀರಿದ ಹಾಗಾಗತ್ತೆ.

ಬರೋದಕ್ಕೆ ಹಿಂದೆಮುಂದೆ ನೋಡ್ಬೇಡ. ಅವತ್ತು ನೀನು ಬರೋ ಹೊತ್ತಿಗೆ ಮನೇಲಿ ಇರ್ಬೇಡ, ಎಲ್ಲಾದ್ರೂ ಹೊರಗೆ ಹೋಗಿರು ಅಂತ ದೊಡ್ಡೋಳಿಗೆ ಹೇಳಿದೀನಿ. ಆಯ್ತು ಅಂದಿದಾಳೆ. ನೀನು ಅವಳ ಮುಖ ನೋಡೋ ಕಷ್ಟ ಬೇಡ.

ಇನ್ನೇನಿಲ್ಲ. ಊಟ ಸರಿಯಾಗಿ ಮಾಡು.

ಇಂತಿ,
ನಿನ್ನ ಅಮ್ಮ

ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ, ಓದಿಯೂ ಹೇಳಿದ್ದೇನೆ. ಅವಳ ಬಟ್ಟೆ, ಮಾತ್ರೆ, ಆಸ್ಪತ್ರೆಯ ಚೀಟಿ ಎಲ್ಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿರುತ್ತೇನೆ. ಬಲಗೈ ಹಿಡಿದು ಎಬ್ಬಿಸಬೇಡ. ಹತ್ತು ಗಂಟೆಯ ನಂತರ ಬಾ, ನಾನು ಇರುವುದಿಲ್ಲ.